ಒಂದು ಮುಳ್ಳುಗಿಡ, ಹಲವು ತಳಿ: ಸಣ್ಣ ಹೊಲದ ಆರ್ಟಿಚೋಕ್ ಮತ್ತು ಅದರ ಒಡನಾಡಿ ತರಕಾರಿಗಳು

ಕನ್ನಡ ಓದುಗರಲ್ಲಿ ಹೆಚ್ಚಿನವರು ಆರ್ಟಿಚೋಕನ್ನು ಕಂಡಿರುವುದು ಪಿಜ್ಜಾದ ಮೇಲೆ. ಎಣ್ಣೆಯಲ್ಲೋ ಉಪ್ಪುನೀರಿನಲ್ಲೋ ನೆನೆದು ಬಾಟಲಿಯಿಂದ ಹೊರಬಂದ ಆ ತುಂಡುಗಳಿಗೆ ಊರಿಲ್ಲ, ಕಾಲವಿಲ್ಲ, ತಳಿಯ ಹೆಸರೂ ಇಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಸಣ್ಣ ರೈತರ ಆರ್ಟಿಚೋಕ್ ಹಾಗಲ್ಲ. ರೋಮಿನ ಸುತ್ತಮುತ್ತ ಬೆಳೆಯುವುದು ಒಂದು ಬಗೆ, ಸಾರ್ಡಿನಿಯಾದ್ದು ಇನ್ನೊಂದು, ವೆನಿಸ್ ಪಕ್ಕದ ದ್ವೀಪದ್ದು ಮತ್ತೊಂದು, ಫ್ರಾನ್ಸಿನ ಬ್ರಿಟನಿಯದ್ದು ಮಗದೊಂದು. ಬಣ್ಣ, ಗಾತ್ರ, ಮುಳ್ಳು, ಕೊಯ್ಲಿನ ತಿಂಗಳು, ಅಡುಗೆಯ ಬಗೆ ಎಲ್ಲವೂ ಬೇರೆ ಬೇರೆ.

ಇಷ್ಟು ತಳಿಗಳು ಏಕೆ ಉಳಿದುಬಂದವು? ಬೀಜದಿಂದ ಬೆಳೆಯುವ ಹೊಸ ತಳಿಗಳು ಬಂದಿರುವ ಈ ಕಾಲದಲ್ಲಿ ಹಳೆಯವುಗಳ ಗತಿ ಏನು? ಎರಡು ಮೂರು ಎಕರೆಯ ರೈತ ಯಾವುದನ್ನು ಆರಿಸಿಕೊಳ್ಳಬೇಕು, ಅದರ ಜೊತೆಗೆ ಬೇರೆ ಯಾವ ತರಕಾರಿ ಹಾಕಬೇಕು? ಈ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಉತ್ತರ ಸಿಗುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎಕರೆಗೆ ಎಷ್ಟು ಇಳುವರಿ ಎಂಬ ಒಂದೇ ಲೆಕ್ಕದಿಂದ ತಳಿಯನ್ನು ಅಳೆದರೆ ಸಣ್ಣ ಹಿಡುವಳಿಗೆ ನಷ್ಟ. ಕೊಯ್ಲು ಯಾವ ತಿಂಗಳಲ್ಲಿ ಬರುತ್ತದೆ, ಎಷ್ಟು ವಾರ ನಡೆಯುತ್ತದೆ, ಆ ವಾರಗಳಲ್ಲಿ ಪಕ್ಕದ ಮಡಿಯಲ್ಲಿ ಏನಿರುತ್ತದೆ, ಹತ್ತಿರದ ಊರಿನ ಅಡುಗೆಮನೆ ಏನು ಕೇಳುತ್ತದೆ ಎಂಬ ನಾಲ್ಕು ಲೆಕ್ಕ ಸೇರಿದಾಗಲೇ ತಳಿಯ ನಿಜವಾದ ಬೆಲೆ ಗೊತ್ತಾಗುವುದು.

ಗಿಡ ಮತ್ತು ಮೊಗ್ಗು

ಆರ್ಟಿಚೋಕ್ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಗಿಡ. ಆ ದೊಡ್ಡ ಕುಟುಂಬದೊಳಗೆ ಇದರ ಹತ್ತಿರದ ಬಳಗವೆಲ್ಲ ಮುಳ್ಳುಗಿಡಗಳದ್ದು. ಉತ್ತರ ಕರ್ನಾಟಕದ ಎರೆಭೂಮಿಯ ಕುಸುಬೆಯೂ ಅದೇ ಬಳಗದ್ದು. ದನ ನುಗ್ಗದಿರಲೆಂದು ಹಿಂಗಾರಿ ಹೊಲದ ಅಂಚಿಗೆ ಕುಸುಬೆ ಸಾಲು ಹಾಕಿ, ಅದರ ಎಳೆ ಸೊಪ್ಪನ್ನು ಪಲ್ಯ ಮಾಡಿ ಉಣ್ಣುವ ನಮ್ಮ ರೈತರಿಗೆ ಮುಳ್ಳುಗಿಡವೊಂದು ತರಕಾರಿಯೂ ಆಗಬಲ್ಲದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆರ್ಟಿಚೋಕ್ ಮತ್ತು ಅದರ ಸೋದರ ಕಾರ್ಡೂನ್ ಎರಡೂ ಮೆಡಿಟರೇನಿಯನ್ ತೀರದ ಒಂದೇ ಕಾಡುಗಿಡದಿಂದ ಬಂದವು. ಜನ ಒಂದನ್ನು ಮೊಗ್ಗಿಗಾಗಿ ಆರಿಸುತ್ತ ಬಂದರು, ಇನ್ನೊಂದನ್ನು ದಪ್ಪ ಎಲೆದಂಟಿಗಾಗಿ. ಇಂದಿಗೂ ಈ ಮೂರೂ ಪರಸ್ಪರ ಕೂಡಿ ಬೀಜ ಕಟ್ಟಬಲ್ಲವು.

ನಾವು ತಿನ್ನುವುದು ಅರಳದ ಹೂವನ್ನು. ಬಲಿತ ಮೊಗ್ಗೊಂದನ್ನು ಉದ್ದಕ್ಕೆ ಸೀಳಿದರೆ ಅದರ ರಚನೆ ಸ್ಪಷ್ಟವಾಗಿ ಕಾಣುತ್ತದೆ. ಹೊರಗೆ ಒಂದರ ಮೇಲೊಂದು ಬಿಗಿಯಾಗಿ ಹೊದ್ದುಕೊಂಡ ಹಸಿರು ಅಥವಾ ನೇರಳೆ ಹೊದಿಕೆ ಎಲೆಗಳು; ಪ್ರತಿಯೊಂದರ ಬುಡದಲ್ಲಿ ಹಲ್ಲಿನಿಂದ ಎಳೆದು ತಿನ್ನುವಷ್ಟು ತಿರುಳು. ಕೆಳಗೆ ದಂಟು ಸೇರುವಲ್ಲಿ ಅಗಲವಾದ, ಗಟ್ಟಿಯಾದ, ಬೆಣ್ಣೆಬಣ್ಣದ ತಳ. ಗಿಡದ ಅತ್ಯಂತ ರುಚಿಯಾದ ಭಾಗ ಇದೇ. ಆ ತಳದ ಮೇಲೆ ನಾರುನಾರಾದ ಕೂದಲಿನ ಪದರವೊಂದಿದೆ. ಕೊಯ್ಯದೆ ಬಿಟ್ಟರೆ ಅದೇ ನೇರಳೆ ಹೂವಾಗಿ ಅರಳುತ್ತದೆ. ಗಂಟಲಿಗೆ ಸಿಕ್ಕಿಕೊಳ್ಳುವ ಈ ಪದರವನ್ನು ಬಲಿತ ಮೊಗ್ಗಿನಲ್ಲಿ ಚಮಚದಿಂದ ಕೆರೆದು ತೆಗೆಯಲೇಬೇಕು. ಎಳೆ ಮೊಗ್ಗಿನಲ್ಲಿ ಅದು ಇನ್ನೂ ಮೂಡಿರುವುದೇ ಇಲ್ಲ. ಕತ್ತಿ ತಾಗಿದ ಜಾಗ ಕೆಲವೇ ನಿಮಿಷಗಳಲ್ಲಿ ಕಂದುಗಪ್ಪಾಗುವುದರಿಂದ ಹೆಚ್ಚಿದ್ದನ್ನು ಹೆಚ್ಚಿದಂತೆ ನಿಂಬೆರಸದ ನೀರಿಗೆ ಹಾಕುತ್ತಾರೆ. ದೊಡ್ಡ ಮೊಗ್ಗಿನಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಕಸದ ಬುಟ್ಟಿ ಸೇರುತ್ತದೆ. ಕೊಳ್ಳುವವರು ಎಳೆತನಕ್ಕೂ ಮುಳ್ಳಿಲ್ಲದ ತಳಿಗೂ ಹೆಚ್ಚು ಬೆಲೆ ಕೊಡುವುದಕ್ಕೆ ಈ ವ್ಯರ್ಥವೇ ಮುಖ್ಯ ಕಾರಣ.

ರುಚಿಯಲ್ಲಿಯೂ ಇದರದ್ದೊಂದು ವಿಶೇಷವಿದೆ. ಆರ್ಟಿಚೋಕ್ ತಿಂದ ಮೇಲೆ ಕುಡಿದ ನೀರು ಹಲವರಿಗೆ ಸಿಹಿಯೆನಿಸುತ್ತದೆ. 1972ರಲ್ಲಿ ಲಿಂಡಾ ಬಾರ್ಟೊಶುಕ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಈ ಬಗ್ಗೆ ಪ್ರಬಂಧ ಬರೆದರು. ಮೊಗ್ಗಿನಲ್ಲಿರುವ ಸೈನಾರಿನ್ ಮೊದಲಾದ ಅಂಶಗಳು ನಾಲಿಗೆಯ ಗ್ರಹಿಕೆಯನ್ನೇ ಸ್ವಲ್ಪ ಹೊತ್ತು ಬದಲಿಸುತ್ತವೆ.

ಈ ಗಿಡಕ್ಕೂ ತುಂಡುಭೂಮಿಗೂ ನಂಟು ಹಳೆಯದು. ಕ್ರಿಸ್ತಶಕ 1ನೇ ಶತಮಾನದ ರೋಮನ್ ಲೇಖಕ ಹಿರಿಯ ಪ್ಲಿನಿ, ಕಾರ್ತೇಜ್ ಮತ್ತು ಕಾರ್ಡೋಬಾದ ಸಣ್ಣ ತುಂಡುಗಳಲ್ಲಿ ಬೆಳೆದ ಮುಳ್ಳುಗಿಡದಿಂದ 6,000 ಸೆಸ್ಟರ್ಸ್ ಆದಾಯ ಬರುತ್ತದೆಂದು ಬರೆದಿದ್ದಾನೆ. ಪ್ರಾಣಿಗಳೂ ಮುಟ್ಟದ ಗಿಡಕ್ಕೆ ಮನುಷ್ಯರು ಇಷ್ಟು ಹಣ ಸುರಿಯುತ್ತಾರಲ್ಲ ಎಂಬುದು ಅವನ ಆಕ್ಷೇಪ. ಅವನು ಹೇಳಿದ್ದು ಆರ್ಟಿಚೋಕೋ ಕಾರ್ಡೂನೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಇದೆ. ಯಾವುದೇ ಇರಲಿ, ಕಡಿಮೆ ನೆಲದಿಂದ ಹೆಚ್ಚು ಹಣ ತರುವ ಬೆಳೆಯೆಂಬ ಇದರ ಹೆಸರು ಎರಡು ಸಾವಿರ ವರ್ಷದಷ್ಟು ಹಿಂದಿನದು.

ಇಟಲಿಯ ನಾಲ್ಕು ಬಳಗ

ಆರ್ಟಿಚೋಕ್ ಬೆಳೆಯುವ ದೇಶಗಳಲ್ಲಿ ಇಟಲಿ, ಈಜಿಪ್ಟ್, ಸ್ಪೇನ್ ಮುಂದಿವೆ. ತಳಿಗಳ ವೈವಿಧ್ಯದಲ್ಲಿ ಇಟಲಿಗೆ ಸಾಟಿಯಿಲ್ಲ. ಅಲ್ಲಿನ ತಳಿವಿಜ್ಞಾನಿಗಳು ತಮ್ಮ ತಳಿಗಳನ್ನು ನಾಲ್ಕು ಬಳಗಗಳಾಗಿ ವಿಂಗಡಿಸುತ್ತಾರೆ: ಕಟಾನೆಸಿ, ಸ್ಪಿನೋಸಿ, ರೊಮಾನೆಸ್ಕಿ, ವಿಯೊಲೆಟ್ಟಿ.

ಕಟಾನೆಸಿ ಬಳಗ ಸಿಸಿಲಿ ಮತ್ತು ದಕ್ಷಿಣ ಇಟಲಿಯದ್ದು. ಮೊಗ್ಗು ಸಣ್ಣದು, ತುಸು ಉದ್ದ, ನೇರಳೆ ಛಾಯೆಯದು. ಇದರ ಬಲ ಇರುವುದು ಬೇಗ ಬರುವುದರಲ್ಲಿ. ಬೇಸಿಗೆಯಲ್ಲಿ ಈ ಗಿಡ ಒಣಗಿ ಮಲಗುತ್ತದೆ. ಜುಲೈ-ಆಗಸ್ಟ್‌ನಲ್ಲಿ ನೀರು ಹಾಯಿಸಿ ಅದನ್ನು ಎಬ್ಬಿಸಿದರೆ ಶರತ್ಕಾಲದಲ್ಲೇ ಮೊಗ್ಗು ಬಿಡತೊಡಗುತ್ತದೆ. ಬೇರೆ ತಳಿಗಳು ಮಾರುಕಟ್ಟೆಗೆ ಬರುವುದಕ್ಕೆ ತಿಂಗಳುಗಳ ಮೊದಲೇ ಇದು ಮಾರಾಟವಾಗಿರುತ್ತದೆ. ಬೇಸಿಗೆಯಲ್ಲಿ ನೀರಿನ ಖರ್ಚು ಹೊರಬಲ್ಲ ರೈತನಿಗೆ ಇದು ಒಳ್ಳೆಯ ತಳಿ. ನೀರಿಲ್ಲದವನಿಗೆ ಆ ಲಾಭ ದಕ್ಕದು.

ಸ್ಪಿನೋಸಿ ಎಂದರೆ ಮುಳ್ಳಿನ ಬಳಗ. ಹೊದಿಕೆ ಎಲೆಯೊಂದೊಂದರ ತುದಿಯಲ್ಲೂ ಹಳದಿ ಬಣ್ಣದ ಚೂಪು ಮುಳ್ಳು. ಕೊಯ್ಯುವವರ ಕೈಗೆ ಕಷ್ಟ, ಹೆಚ್ಚುವವರ ಕೈಗೂ ಕಷ್ಟ. ಆದರೂ ಜನ ಇದನ್ನು ಬಿಟ್ಟಿಲ್ಲ, ಏಕೆಂದರೆ ತಿರುಳು ಗರಿಗರಿಯಾಗಿದ್ದು ಹಸಿಯಾಗಿಯೇ ತಿನ್ನಲು ಬರುತ್ತದೆ. ಸಾರ್ಡಿನಿಯಾದ ಮುಳ್ಳು ಆರ್ಟಿಚೋಕಿಗೆ 2011ರಲ್ಲಿ ಯುರೋಪಿನ ಮೂಲಸ್ಥಾನ ರಕ್ಷಣೆ ಸಿಕ್ಕಿತು. ಸಿಸಿಲಿಯ ಮೆನ್ಫಿ ಊರಿನ ಮುಳ್ಳು ತಳಿಯನ್ನು ‘ಸ್ಲೋ ಫುಡ್’ ಚಳವಳಿ ತನ್ನ ರಕ್ಷಣಾ ಪಟ್ಟಿಗೆ ಸೇರಿಸಿಕೊಂಡಿದೆ.

ರೊಮಾನೆಸ್ಕಿ ಬಳಗ ರೋಮ್ ಇರುವ ಲಾತ್ಸಿಯೊ ಪ್ರಾಂತ್ಯದ್ದು. ಗುಂಡಗೆ, ದೊಡ್ಡದಾಗಿ, ಮುಳ್ಳಿಲ್ಲದೆ ಬರುವ ಇದರ ಮೊಗ್ಗಿನ ನೆತ್ತಿಯಲ್ಲಿ ಒಂದು ತೂತು ಇರುತ್ತದೆ; ಗುರುತು ಹಿಡಿಯಲು ಅದೇ ಸಾಕು. ಗಿಡದ ನಡುದಂಟಿನ ತುದಿಯಲ್ಲಿ ಬರುವ ಮೊದಲ ಮೊಗ್ಗಿಗೆ ‘ಚಿಮಾರೋಲೊ’ ಎಂದು ಹೆಸರು, ಅದಕ್ಕೇ ಅತಿ ಹೆಚ್ಚು ಬೆಲೆ. 2002ರಲ್ಲಿ ಈ ತಳಿಗೆ ಭೌಗೋಳಿಕ ಗುರುತು ದೊರೆತಾಗ ಮುಖ್ಯ ಮೊಗ್ಗು ಅಡ್ಡಗಲ 10 ಸೆಂಟಿಮೀಟರಿಗೆ ಕಡಿಮೆ ಇರಬಾರದೆಂಬ ಅಳತೆಯನ್ನೂ ಸೇರಿಸಿದರು. ಕೊಯ್ಲು ಚಳಿಗಾಲದ ಕೊನೆಯಿಂದ ವಸಂತದವರೆಗೆ. ರೋಮಿನ ಎರಡು ಹೆಸರಾಂತ ಅಡುಗೆಗಳು ಇದನ್ನೇ ನಂಬಿಕೊಂಡಿವೆ. ಒಂದು, ಪುದೀನ ಜಾತಿಯ ಸೊಪ್ಪು, ಬೆಳ್ಳುಳ್ಳಿ ತುಂಬಿ ತಲೆಕೆಳಗಾಗಿ ಬೇಯಿಸುವುದು. ಇನ್ನೊಂದು, ರೋಮಿನ ಯಹೂದಿ ಕೇರಿಯಿಂದ ಬಂದದ್ದು: ಮೊಗ್ಗನ್ನು ಇಡಿಯಾಗಿ ಎಣ್ಣೆಯಲ್ಲಿ ಕರಿದು ಎಸಳುಗಳನ್ನು ಗರಿಗರಿಯಾಗಿ ಅರಳಿಸುವುದು. ಮುಳ್ಳಿನ ತಳಿಯಲ್ಲಿ ಈ ಎರಡೂ ಇಷ್ಟು ಚೆನ್ನಾಗಿ ಬರುವುದಿಲ್ಲ.

ನಾಲ್ಕನೆಯದಾದ ವಿಯೊಲೆಟ್ಟಿ ಬಳಗದ ಮೊಗ್ಗು ಮಧ್ಯಮ ಗಾತ್ರದ್ದು, ಗಾಢ ನೇರಳೆ ಬಣ್ಣದ್ದು. ಟಸ್ಕನಿಯಲ್ಲೂ ವೆನಿಸ್ ಸುತ್ತಲೂ ಬೆಳೆಯುತ್ತಾರೆ. ಬರುವುದು ತಡವಾಗಿ, ಚಳಿ ತಡೆದುಕೊಳ್ಳುವ ಶಕ್ತಿ ಚೆನ್ನಾಗಿದೆ.

ಈ ನಾಲ್ಕನ್ನೂ ಒಂದು ಕ್ಯಾಲೆಂಡರಿನ ಮೇಲೆ ಗುರುತು ಮಾಡಿದರೆ ಅಕ್ಟೋಬರ್-ನವೆಂಬರಿನಿಂದ ಮೇ-ಜೂನ್‌ವರೆಗೆ ಒಂದಲ್ಲ ಒಂದು ತಳಿ ಕೊಯ್ಲಿಗೆ ಇದ್ದೇ ಇರುತ್ತದೆ. ಒಂದೇ ತಳಿಯ ಮಾತಾದರೆ ಅದರ ಪೂರ್ಣ ಕೊಯ್ಲು ಕೆಲವೇ ವಾರಗಳಲ್ಲಿ ನುಗ್ಗಿಬಂದು, ಆ ವಾರಗಳಲ್ಲಿ ಎಲ್ಲರ ಬೆಳೆಯೂ ಒಟ್ಟಿಗೆ ಮಾರುಕಟ್ಟೆಗೆ ಬಿದ್ದು ಬೆಲೆ ಕುಸಿಯುತ್ತದೆ. ತಳಿ ವೈವಿಧ್ಯ ರೈತನಿಗೆ ಕೊಡುವ ಮೊದಲ ರಕ್ಷಣೆ ಇದು.

ಸಂತ್ ಎರಾಸ್ಮೊ: ಒಂದೇ ಗಿಡದಲ್ಲಿ ಮೂರು ಬೆಳೆ

ವೆನಿಸ್ಸಿನ ಲಗೂನಿನಲ್ಲಿರುವ ಸಂತ್ ಎರಾಸ್ಮೊ ದ್ವೀಪಕ್ಕೆ ವೆನಿಸ್ಸಿನ ತರಕಾರಿ ತೋಟವೆಂದೇ ಹೆಸರು. ಮಣ್ಣು ಜೇಡಿ, ಅದರಲ್ಲಿ ಸಮುದ್ರದ ಉಪ್ಪು. ಬಹಳಷ್ಟು ತರಕಾರಿಗೆ ಒಗ್ಗದ ಇಂಥ ಉಪ್ಪನ್ನು ಆರ್ಟಿಚೋಕ್ ಸಾಕಷ್ಟು ಸಹಿಸಿಕೊಳ್ಳುತ್ತದೆ. ಇಲ್ಲಿಯ ನೇರಳೆ ತಳಿಗೆ ತನ್ನದೇ ರುಚಿಯಿದೆ.

ಇಲ್ಲಿ ಮೆಚ್ಚಬೇಕಾದದ್ದು ಕೊಯ್ಲಿನ ಜಾಣ್ಮೆ. ವಸಂತದಲ್ಲಿ ನಡುದಂಟಿನ ತುದಿಯಲ್ಲಿ ಬರುವ ಮೊದಲ ಮೊಗ್ಗನ್ನು ರೈತರು ಪುಟ್ಟದಾಗಿರುವಾಗಲೇ ಕತ್ತರಿಸುತ್ತಾರೆ. ಇದು ‘ಕಾಸ್ತ್ರಾವುರಾ’. ಗಿಡಕ್ಕೆ ಒಂದೇ ಬರುವುದರಿಂದ ಸಿಗುವುದು ಕೆಲವೇ ದಿನ, ಬೆಲೆ ಬಹಳ. ತೆಳ್ಳಗೆ ಹೆಚ್ಚಿ, ಆಲಿವ್ ಎಣ್ಣೆ ಹಾಕಿ ಹಸಿಯಾಗಿ ತಿನ್ನುವುದು ರೂಢಿ. ತುದಿ ಹೋದ ಮೇಲೆ ಗಿಡ ತನ್ನ ಶಕ್ತಿಯನ್ನು ಪಕ್ಕದ ಟಿಸಿಲುಗಳಿಗೆ ಹರಿಸುತ್ತದೆ. ಅವುಗಳಲ್ಲಿ ‘ಬೋತೊಲಿ’ ಎಂಬ ಎರಡನೇ ಮೊಗ್ಗುಗಳು ಹತ್ತಕ್ಕೂ ಹೆಚ್ಚು ಬರುತ್ತವೆ. ಕೊನೆಗೆ ಬಲಿತು ಒರಟಾದ ಮೊಗ್ಗುಗಳನ್ನೂ ಬಿಸಾಡುವುದಿಲ್ಲ. ಎಸಳೆಲ್ಲ ಕಿತ್ತು, ಕೂದಲು ಕೆರೆದು, ಬಿಲ್ಲೆಯ ಆಕಾರದ ತಳವನ್ನು ಮಾತ್ರ ಉಳಿಸಿ ‘ಫೊಂದಿ’ ಎಂದು ಮಾರುತ್ತಾರೆ. ವೆನಿಸ್ಸಿನ ರಿಯಾಲ್ಟೊ ಮಾರುಕಟ್ಟೆಯ ವ್ಯಾಪಾರಿಗಳು ನಿಂತಲ್ಲೇ ಕತ್ತಿಯಿಂದ ತಳ ಬಿಡಿಸಿ, ನಿಂಬೆ ಹಾಕಿದ ನೀರಿನ ತೊಟ್ಟಿಗಳಲ್ಲಿ ತೇಲಿಬಿಟ್ಟಿರುತ್ತಾರೆ.

ಹೊಸ ನೆಲ ಕೊಳ್ಳದೆ, ಹೊಸ ತಳಿ ತರದೆ, ಇರುವ ಗಿಡದಿಂದಲೇ ಮೂರು ಹದದ ಮೂರು ಸರಕು ಇವು. ಸಣ್ಣ ರೈತನಿಗೆ ಕೆಲಸದ ಕೈಗಳಿವೆ, ಹೆಚ್ಚುವರಿ ಭೂಮಿ ಇಲ್ಲ. ಹಾಗಾಗಿ ಅವನ ಹೆಚ್ಚಿನ ಆದಾಯ ಬರಬೇಕಾದದ್ದು ಇಂಥ ಹದವರಿತ ಕೊಯ್ಲಿನಿಂದ. ಈ ಪದ್ಧತಿಯನ್ನು ಬೇರೆ ಬೆಳೆಗಳವರೂ ಗಮನವಿಟ್ಟು ನೋಡಬೇಕು.

ಬ್ರಿಟನಿ: ತಳಿ ಒಳ್ಳೆಯದಿದ್ದರೆ ಸಾಲದು

ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿಯಲ್ಲಿ ಆಳುವ ತಳಿ ‘ಕಾಮು ದ ಬ್ರತಾನ್ಯ’. ಹಸಿರು, ಗುಂಡು, ಭಾರಿ ಗಾತ್ರ. ಅರ್ಧ ಕಿಲೋದ ಹತ್ತಿರ ತೂಗುವ ಮೊಗ್ಗು ಅಪರೂಪವಲ್ಲ. ಇಡಿಯಾಗಿ ಬೇಯಿಸಿ ಎಸಳೊಂದೊಂದನ್ನೇ ಕಿತ್ತು ಸಾಸಿನಲ್ಲಿ ಅದ್ದಿ ತಿನ್ನುವುದಕ್ಕೆ ಹೇಳಿ ಮಾಡಿಸಿದ್ದು. ದಕ್ಷಿಣದ ಪ್ರೊವಾನ್ಸಿನಲ್ಲಿ ಇದಕ್ಕೆ ತದ್ವಿರುದ್ಧ, ಹಸಿಯಾಗಿಯೂ ತಿನ್ನಬಹುದಾದ ಪುಟ್ಟ ನೇರಳೆ ತಳಿ. ಬ್ರಿಟನಿಯ ಸೌಮ್ಯ ಕಡಲ ಹವೆ ಈ ಗಿಡಕ್ಕೆ ಒಗ್ಗುತ್ತದೆ, ಅಲ್ಲಿನ ರೈತರಿಗೆ ಕಸುಬೂ ಚೆನ್ನಾಗಿ ಗೊತ್ತು. ಹೀಗಿದ್ದೂ 1960ರ ಸುಮಾರಿಗೆ ಬೆಳೆ ಹೆಚ್ಚಾದಾಗಲೆಲ್ಲ ವ್ಯಾಪಾರಿಗಳು ಹೇಳಿದ್ದೇ ಬೆಲೆಯಾಗಿತ್ತು.

1961ರ ಜೂನ್ 8ರಂದು ರೈತರು ಮೊರ್ಲೆ ಪಟ್ಟಣದ ಸರ್ಕಾರಿ ಕಚೇರಿಯನ್ನು ವಶಪಡಿಸಿಕೊಂಡರು. ಮುಂದಾಳುಗಳಲ್ಲಿ ಒಬ್ಬರಾದ ಯುವ ರೈತ ಅಲೆಕ್ಸಿ ಗುರ್ವೆನೆಕ್ ಬಂಧನಕ್ಕೊಳಗಾದರು. ಅದೇ ವರ್ಷ ಸೇಂಟ್ ಪೋಲ್ ದ ಲಿಯೋನ್‌ನಲ್ಲಿ ಹುಟ್ಟಿದ ರೈತರ ಸಂಸ್ಥೆ, ಬೆಳೆಯನ್ನು ಒಂದೆಡೆ ತಂದು ಎಲ್ಲರೆದುರು ಹರಾಜಾಗುವ ವ್ಯವಸ್ಥೆ ಮಾಡಿತು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಸಮುದ್ರದಾಚೆಯ ಬ್ರಿಟನ್ನಿಗೆ ತರಕಾರಿ ಸಾಗಿಸಲು ತಾವೇ ಹಡಗು ಕಂಪನಿ ಕಟ್ಟಿದರು. 1973ರ ಜನವರಿಯಲ್ಲಿ ರೋಸ್ಕಾಫ್‌ನಿಂದ ಪ್ಲಿಮತ್‌ಗೆ ಮೊದಲ ಹಡಗು ಹೊರಟಿತು. ಇಂದಿನ ‘ಬ್ರಿಟನಿ ಫೆರೀಸ್’ ಹುಟ್ಟಿದ್ದು ಹೀಗೆ, ಹೂಕೋಸು ಮತ್ತು ಆರ್ಟಿಚೋಕ್ ಬೆಳೆಗಾರರಿಂದ.

ಅಮೆರಿಕದ ಒಂದು ಪ್ರಸಂಗ ಇದೇ ಮಾತನ್ನು ಇನ್ನೊಂದು ಬದಿಯಿಂದ ಹೇಳುತ್ತದೆ. ಕ್ಯಾಲಿಫೋರ್ನಿಯಾದ ಬೆಳೆ ನ್ಯೂಯಾರ್ಕಿಗೆ ಬಂದು ಇಳಿಯುವಲ್ಲಿ ಚಿರೊ ಟೆರನೋವಾ ಎಂಬ ಪಾತಕಿ ಹಿಡಿತ ಸಾಧಿಸಿ ಬೆಲೆ ಏರಿಸಿಟ್ಟಿದ್ದ. 1935ರ ಡಿಸೆಂಬರಿನಲ್ಲಿ ಮೇಯರ್ ಫಿಯೊರೆಲ್ಲೊ ಲಗ್ವಾರ್ಡಿಯ ನಗರದಲ್ಲಿ ಆರ್ಟಿಚೋಕ್ ಮಾರಾಟವನ್ನೇ ನಿಷೇಧಿಸಿ, ಬೆಲೆ ಇಳಿದ ಮೇಲೆ ಕೆಲವೇ ದಿನಗಳಲ್ಲಿ ನಿಷೇಧ ತೆಗೆದರು. ಕೊಯ್ದ ಮೇಲೆ ಬಹುದಿನ ತಾಳದ ಬೆಳೆಯಲ್ಲಿ ನಡುವಿನ ದಾರಿ ಯಾರ ಕೈಲಿದೆಯೋ ಅವರೇ ಬೆಲೆ ಕಟ್ಟುತ್ತಾರೆ. ತಳಿಯ ಚರ್ಚೆ ಮಾಡುವಾಗ ಇದನ್ನು ಮರೆಯಬಾರದು.

ಕಂದೋ, ಬೀಜವೋ?

ಈಗ ಈ ಸಮೀಕ್ಷೆಯ ಅತಿ ಮುಖ್ಯ ವಿವಾದಕ್ಕೆ ಬರೋಣ. ಶತಮಾನಗಳಿಂದ ಆರ್ಟಿಚೋಕ್ ಬೆಳೆದದ್ದು, ಬಾಳೆಯಂತೆ, ಬುಡದಲ್ಲಿ ಒಡೆಯುವ ಕಂದುಗಳಿಂದ. ಬೀಜ ಇಲ್ಲವೆಂದಲ್ಲ. ಹೂವು ಅರಳಿದರೆ ಬೀಜ ಧಾರಾಳವಾಗಿ ಬರುತ್ತದೆ. ಆದರೆ ಇದು ಪರಕೀಯ ಪರಾಗಸ್ಪರ್ಶದ ಗಿಡ. ಕಂದಿನಿಂದ ಬಂದ ಒಳ್ಳೆಯ ತಳಿಯ ಬೀಜ ಬಿತ್ತಿದರೆ ಮಕ್ಕಳು ತಾಯಿಯಂತಿರುವುದಿಲ್ಲ. ಒಂದರ ಮೊಗ್ಗು ಸಣ್ಣದು, ಇನ್ನೊಂದರದು ತಡ, ಮತ್ತೊಂದರಲ್ಲಿ ಕಾಡಿನ ಮುಳ್ಳು ಮರಳಿ ಬಂದಿರುತ್ತದೆ. ತಳಿಯ ಗುಣ ಉಳಿಯಬೇಕಾದರೆ ಕಂದು ಕೀಳಲೇಬೇಕಿತ್ತು.

ಕಂದು ಕೀಳುವುದು ಬುಡ ಬಗ್ಗಿ ಮಾಡುವ ಕೆಲಸ. ಒಂದು ಬುಡದಲ್ಲಿ ಹಲವು ಕಂದು ಏಳುತ್ತವೆ. ಎಲ್ಲವನ್ನೂ ಬಿಟ್ಟರೆ ಮೊಗ್ಗು ಸಣ್ಣದಾಗುತ್ತದೆ. ರೈತ ಬುಡದ ಮಣ್ಣು ಸರಿಸಿ, ಗಟ್ಟಿಮುಟ್ಟಾದ ಒಂದೆರಡನ್ನು ಉಳಿಸಿ, ಮಿಕ್ಕವನ್ನು ತಾಯಿಬುಡದ ಚೂರು ಅಂಟಿಕೊಂಡಿರುವಂತೆ ಬಗೆದು ತೆಗೆಯುತ್ತಾನೆ. ಅವುಗಳಲ್ಲಿ ಬೇರಿರುವ, ರೋಗವಿಲ್ಲದ, ಚೆನ್ನಾಗಿ ಮೊಗ್ಗು ಕೊಟ್ಟ ಬುಡದ ಕಂದುಗಳಷ್ಟೇ ಹೊಸ ಸಾಲಿಗೆ ಹೋಗುತ್ತವೆ. ದಕ್ಷಿಣ ಇಟಲಿಯಲ್ಲಿ ಇನ್ನೊಂದು ದಾರಿಯೂ ಇದೆ: ಬೇಸಿಗೆಯಲ್ಲಿ ಒಣಗಿ ಮಲಗಿದ ಬುಡದಿಂದ ‘ಓವೊಲಿ’ ಎಂಬ ಸುಪ್ತ ಮೊಳಕೆಗಳನ್ನು ಬಿಡಿಸಿ ನೆಡುವುದು. ಯಾವ ಬುಡದಿಂದ ಕಂದು ತೆಗೆಯಬೇಕೆಂದು ಪ್ರತಿವರ್ಷ ನೋಡಿ ಆರಿಸುವ ಈ ಕಣ್ಣೇ ತಳಿಗಳನ್ನು ಇಲ್ಲಿಯವರೆಗೆ ತಂದದ್ದು. ಸಾವಿರಾರು ರೈತರ ಈ ದುಡಿಮೆಗೆ ತಳಿ ಅಭಿವೃದ್ಧಿಯ ಇತಿಹಾಸದಲ್ಲಿ ಸಲ್ಲಬೇಕಾದ ಗೌರವ ಸಂದಿಲ್ಲ.

ಕಂದಿನ ದಾರಿಯಲ್ಲಿ ದೋಷವಿಲ್ಲದಿಲ್ಲ. ತಾಯಿಗೆ ಅಂಟಿದ ವೈರಸ್ ಕಂದಿನ ಜೊತೆ ಹೊಸ ಹೊಲಕ್ಕೆ ಹೋಗುತ್ತದೆ. ಮಣ್ಣಿನ ಮೂಲಕ ಬರುವ ವರ್ಟಿಸಿಲಿಯಂ ಎಂಬ ಬಾಡುರೋಗ ಶಿಲೀಂಧ್ರವೂ ಹಾಗೆಯೇ. ವರ್ಷ ಕಳೆದಂತೆ ಇಳುವರಿ ಕುಗ್ಗುತ್ತದೆ. ಅಂಗಾಂಶ ಕೃಷಿ ಇದಕ್ಕೊಂದು ಪರಿಹಾರವಾಗಿ ಬಂತು. ರೊಮಾನೆಸ್ಕೊ ತಳಿಯಲ್ಲಿ ಅದು ಚೆನ್ನಾಗಿ ಫಲಿಸಿ ಶುದ್ಧ ಸಸಿಗಳು ಸಿಗುತ್ತಿವೆ. ಶರತ್ಕಾಲದಲ್ಲೇ ಬರುವ ತಳಿಗಳಲ್ಲಿ ಮಾತ್ರ ತೊಡಕಾಯಿತು. ಪ್ರಯೋಗಾಲಯದಿಂದ ಬಂದ ಸಸಿಗಳಲ್ಲಿ ಕೆಲವು ತಮ್ಮ ಬೇಗ ಬರುವ ಗುಣವನ್ನೇ ಕಳೆದುಕೊಂಡು ತಡವಾಗಿ ಮೊಗ್ಗು ಬಿಟ್ಟವು. ಬೇಗ ಬರುವುದೇ ಆ ತಳಿಯ ಬಂಡವಾಳವಾದ್ದರಿಂದ ರೈತನಿಗೆ ಇದು ದೊಡ್ಡ ಪೆಟ್ಟು.

ಇನ್ನೊಂದು ಕಡೆಯಿಂದ ಬೀಜದ ತಳಿಗಳು ಬಂದವು. 1980ರ ದಶಕದಲ್ಲಿ ಇಸ್ರೇಲಿನಲ್ಲಿ ‘ತಲ್ಪಿಯೋತ್’, 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ‘ಇಂಪೀರಿಯಲ್ ಸ್ಟಾರ್’, ಆಮೇಲೆ ‘ಒಪಾಲ್’, ‘ಕಾನ್ಸೆರ್ಟೊ’, ‘ಮ್ಯಾಡ್ರಿಗಲ್’ ಮುಂತಾದ ಹೈಬ್ರಿಡ್‌ಗಳು. ಆರ್ಟಿಚೋಕ್ ಮೊಗ್ಗು ಬಿಡಲು ಗಿಡಕ್ಕೆ ಕೆಲವು ಕಾಲ ಚಳಿ ತಾಗಬೇಕು. ಇಂಪೀರಿಯಲ್ ಸ್ಟಾರ್‌ನಂಥ ತಳಿಗೆ ಆ ಚಳಿ ಕಡಿಮೆ ಸಾಕು, ಹಾಗಾಗಿ ಬಿತ್ತಿದ ಮೊದಲ ವರ್ಷವೇ ಕೊಯ್ಲು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೊವಿಲ್ ಸುತ್ತ 1920ರ ದಶಕದಲ್ಲಿ ಇಟಲಿಯಿಂದ ವಲಸೆ ಬಂದ ರೈತರು ನೆಟ್ಟದ್ದು ‘ಗ್ರೀನ್ ಗ್ಲೋಬ್’. ಅದು ವರ್ಷಗಟ್ಟಲೆ ಒಂದೇ ಬುಡದಿಂದ ಕೂಳೆಯಾಗಿ ಬೆಳೆ ಕೊಡುವ ಬಹುವಾರ್ಷಿಕ ತಳಿ. ಈಗ ಅಲ್ಲಿಯೂ ಬೀಜದ ವಾರ್ಷಿಕ ಬೆಳೆ ದೊಡ್ಡ ಪಾಲು ಪಡೆದುಕೊಂಡಿದೆ.

ಬೀಜದ ತಳಿಯ ಅನುಕೂಲಗಳನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಸಸಿ ಶುದ್ಧ, ಹೊಲ ಸಮನಾಗಿ ಬರುತ್ತದೆ, ನೆಲ ವರ್ಷಗಟ್ಟಲೆ ಒಂದೇ ಬೆಳೆಗೆ ಸಿಕ್ಕಿಬೀಳುವುದಿಲ್ಲ, ರೋಗ ಬಂದರೆ ಮರುವರ್ಷ ಬೇರೆ ಬೆಳೆ ಹಾಕಬಹುದು. ಅನನುಕೂಲಗಳೂ ಅಷ್ಟೇ ನಿಜ. ಹೈಬ್ರಿಡ್ ಬೀಜ ದುಬಾರಿ, ಪ್ರತಿ ಬಾರಿ ಕೊಳ್ಳಲೇಬೇಕು. ಮೊಗ್ಗು ಬೇಗ ಬರಲೆಂದು ಕೆಲವೆಡೆ ಗಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನು ಸಿಂಪಡಿಸುತ್ತಾರೆ, ಅದು ಇನ್ನೊಂದು ಖರ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಅಡುಗೆ ಕೇಳುವ ರುಚಿ ಮತ್ತು ಆಕಾರವನ್ನು ಎಲ್ಲ ಹೈಬ್ರಿಡ್‌ಗಳೂ ಕೊಡಲಾರವು.

ದೊಡ್ಡ ಹೊಲದವರಿಗೆ ಬೀಜದ ತಳಿ ಸರಿಯಾದ ಆಯ್ಕೆ ಇರಬಹುದು. ಸಣ್ಣ ಹೊಲದಲ್ಲಿ ಕಂದಿನ ತಳಿ ಬೆನ್ನೆಲುಬಾಗಿರಬೇಕು, ಬೀಜದ ತಳಿ ಅದರ ಖಾಲಿ ತಿಂಗಳುಗಳನ್ನು ತುಂಬಬೇಕು ಎಂಬುದು ನನ್ನ ಅಭಿಪ್ರಾಯ. ಕಂದು ಮನೆಯಲ್ಲೇ ಸಿಗುವ ಸಂಪತ್ತು, ಮಾರುಕಟ್ಟೆ ಕೆಟ್ಟ ವರ್ಷದಲ್ಲೂ ಅದನ್ನು ನೆಡಲು ಸಾಲ ಬೇಕಾಗುವುದಿಲ್ಲ.

ಒಡನಾಡಿ ತರಕಾರಿಗಳು

ಆರ್ಟಿಚೋಕ್ ಅಗಲವಾಗಿ ಹರಡುವ ಗಿಡ. ಗಿಡದಿಂದ ಗಿಡಕ್ಕೆ ಸುಮಾರು ಒಂದು ಮೀಟರ್ ಬೇಕು. ಹೊಸದಾಗಿ ನೆಟ್ಟಾಗ ನಡುವಿನ ನೆಲವೆಲ್ಲ ತಿಂಗಳುಗಟ್ಟಲೆ ಖಾಲಿ. ಹಳೆ ಮೈಸೂರಿನ ರಾಗಿ ಹೊಲದಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವವರಿಗೆ ಆ ಖಾಲಿ ನೆಲದ ಬೆಲೆ ಗೊತ್ತು. ಮೆಡಿಟರೇನಿಯನ್ ರೈತರೂ ಅಲ್ಲಿ ಲೆಟಸ್, ಮೂಲಂಗಿ, ಪಾಲಕ್‌ನಂಥ ಬೇಗ ಕೊಯ್ಲಿಗೆ ಬರುವುದನ್ನು ಬೆಳೆದುಕೊಳ್ಳುತ್ತಾರೆ. ಆರ್ಟಿಚೋಕ್ ತೆಗೆದ ನೆಲಕ್ಕೆ ಫಾವಾ ಅವರೆ ಅಥವಾ ಬಟಾಣಿ ಹಾಕಿದರೆ ಸಾರಜನಕ ಮಣ್ಣಿಗೆ ಮರಳುತ್ತದೆ.

ಇಟಲಿಯ ಲಿಗುರಿಯಾ ತೀರದ ಅಲ್ಬೆಂಗಾ ಬಯಲು ಇಂಥ ಕೂಡುಬೆಳೆಗೆ ಒಳ್ಳೆಯ ಉದಾಹರಣೆ. ನಾಲ್ಕು ತರಕಾರಿಗಳಿಗೆ ಆ ಊರು ಹೆಸರುವಾಸಿ: ಮುಳ್ಳಿನ ನೇರಳೆ ಆರ್ಟಿಚೋಕ್, ನೇರಳೆ ಶತಾವರಿ, ‘ಎತ್ತಿನ ಹೃದಯ’ ಟೊಮೆಟೊ, ಉದ್ದನೆ ಕೊಂಬಿನಾಕಾರದ ತ್ರೊಂಬೆತ್ತಾ ಕುಂಬಳ. ಚಳಿಗಾಲಕ್ಕೆ ಆರ್ಟಿಚೋಕ್, ವಸಂತಕ್ಕೆ ಶತಾವರಿ, ಬೇಸಿಗೆಗೆ ಟೊಮೆಟೊ ಮತ್ತು ಕುಂಬಳ. ಹೊಲಕ್ಕೂ ಮನೆಯವರಿಗೂ ವರ್ಷವಿಡೀ ಕೆಲಸ, ಸಂತೆಗೆ ವರ್ಷವಿಡೀ ಸರಕು. ಇವುಗಳಲ್ಲಿ ಶತಾವರಿ ಬಹಳ ವಿಶೇಷದ್ದು. ಸಾಮಾನ್ಯ ಶತಾವರಿಗೆ 20 ವರ್ಣತಂತುಗಳಿದ್ದರೆ ಅಲ್ಬೆಂಗಾದ್ದಕ್ಕೆ 40. ಹಾಗಾಗಿ ಇದು ಬೇರೆ ಶತಾವರಿಗಳ ಜೊತೆ ಸುಲಭವಾಗಿ ಬೆರೆಯದೆ ತನ್ನತನ ಉಳಿಸಿಕೊಂಡಿದೆ. ತ್ರೊಂಬೆತ್ತಾ ಕುಂಬಳವೋ ನಮ್ಮ ಸಿಹಿಗುಂಬಳದ್ದೇ ಜಾತಿ. ಅಲ್ಲಿ ಅದನ್ನು ಎಳೆಯದಾಗಿರುವಾಗ ಕೊಯ್ದು ಹಸಿರು ತರಕಾರಿಯಾಗಿ ಬಳಸುತ್ತಾರೆ.

ಉತ್ತರ ಇಟಲಿಯ ಪಿಯೆಡ್ಮಾಂಟ್‌ನಲ್ಲಿ ನಿತ್ಸಾ ಮೊನ್‌ಫೆರಾತೊ ಊರಿನ ಗೂನು ಕಾರ್ಡೂನ್ ಇದೆ. ಶರತ್ಕಾಲದಲ್ಲಿ ಎತ್ತರಕ್ಕೆ ಬೆಳೆದ ಗಿಡವನ್ನು ರೈತರು ಬುಡದಿಂದ ಬಗ್ಗಿಸಿ ಮರಳುಮಣ್ಣಿನಲ್ಲಿ ಹೂಳುತ್ತಾರೆ. ಬೆಳಕಿಗಾಗಿ ಮೇಲೇಳಲು ಯತ್ನಿಸುತ್ತ ಗಿಡ ಉಬ್ಬಿ ಗೂನಾಗುತ್ತದೆ. ಬೆಳಕು ಕಾಣದ ದಂಟು ಬೆಳ್ಳಗೆ, ಮೆತ್ತಗೆ ಆಗಿ ಕಹಿ ಕಳೆದುಕೊಳ್ಳುತ್ತದೆ. ಬೆಳ್ಳುಳ್ಳಿ, ಆಂಚೊವಿ ಮೀನು, ಎಣ್ಣೆಯಲ್ಲಿ ಕುದಿಸಿದ ಬಿಸಿ ‘ಬಾನ್ಯಾ ಕಾವುದಾ’ದಲ್ಲಿ ಅದ್ದಿ ಇದನ್ನು ಹಸಿಯಾಗಿ ತಿನ್ನುತ್ತಾರೆ. ಆರ್ಟಿಚೋಕಿನ ಸೋದರ ಗಿಡದಿಂದಲೇ ಚಳಿಗಾಲದ ಇನ್ನೊಂದು ಆದಾಯ.

ಬ್ರಿಟನಿಯಲ್ಲಿ ಆರ್ಟಿಚೋಕಿನ ಜೊತೆಗಿರುವುದು ಹೂಕೋಸು, ಆಲೂಗಡ್ಡೆ ಮತ್ತು ರೋಸ್ಕಾಫ್‌ನ ನಸುಗೆಂಪು ಈರುಳ್ಳಿ. ಈ ಈರುಳ್ಳಿಯನ್ನು 19ನೇ ಶತಮಾನದಿಂದಲೂ ಅಲ್ಲಿನ ರೈತರು ಜಡೆ ಹೆಣೆದು ಬ್ರಿಟನ್ನಿನ ಬೀದಿಗಳಿಗೆ ಕೊಂಡೊಯ್ದು ಮಾರುತ್ತಿದ್ದರು.

ಹೊಲದ ಕೂಡುವಿಕೆ ಅಡುಗೆಯಲ್ಲಿಯೂ ಕಾಣುತ್ತದೆ. ರೋಮಿನ ಸುತ್ತ ವಸಂತದಲ್ಲಿ ಮಾಡುವ ‘ವಿನ್ಯರೋಲಾ’ದಲ್ಲಿ ಆರ್ಟಿಚೋಕ್, ಎಳೆ ಫಾವಾ ಅವರೆ, ಬಟಾಣಿ, ಲೆಟಸ್, ಎಳೆ ಈರುಳ್ಳಿ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಸಿಸಿಲಿಯ ‘ಫ್ರಿತ್ತೆದ್ದಾ’ದಲ್ಲಿಯೂ ಆರ್ಟಿಚೋಕ್, ಫಾವಾ, ಬಟಾಣಿ. ಇವೆಲ್ಲ ಒಟ್ಟಿಗೆ ಹೊಲದಲ್ಲಿರುವುದು ಕೆಲವೇ ವಾರ, ಅಡುಗೆಯ ಆಯುಷ್ಯವೂ ಅಷ್ಟೇ. ರೋಮಿನ ದಕ್ಷಿಣದ ವೆಲ್ಲೆತ್ರಿಯಲ್ಲಿ ದ್ರಾಕ್ಷಿ ಬಳ್ಳಿ ಸವರಿದ ಕಡ್ಡಿಗಳ ಕೆಂಡದಲ್ಲಿ ಆರ್ಟಿಚೋಕನ್ನು ಸುಡುತ್ತಾರೆ. ದ್ರಾಕ್ಷಿ ತೋಟದ ಕಸ ತರಕಾರಿಗೆ ಉರುವಲಾಗುತ್ತದೆ. ಒಂದೇ ಬೆಳೆಯ ಹೊಲದಿಂದ ಇಂಥ ಅಡುಗೆ ಹುಟ್ಟುವುದಿಲ್ಲ, ಅಡುಗೆ ಉಳಿದಲ್ಲಿ ಬೆಳೆಯನ್ನು ಕೇಳಿಕೊಂಡು ಬರುವವರೂ ಉಳಿಯುತ್ತಾರೆ.

ಗುರುತಿನ ಚೀಟಿಯ ಬಲ ಮತ್ತು ಮಿತಿ

ರೋಮ್ (2002), ಪೆಸ್ಟುಮ್ (2004), ಸಾರ್ಡಿನಿಯಾ (2011), ಸ್ಪೇನಿನ ಬೆನಿಕಾರ್ಲೊ ಹೀಗೆ ಹಲವು ಊರುಗಳ ಆರ್ಟಿಚೋಕಿಗೆ ಈಗ ಕಾನೂನಿನ ಗುರುತಿದೆ. ನಮ್ಮಲ್ಲಿಯೂ ಉಡುಪಿಯ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಒಂದು ಊರಿನ ಮಣ್ಣು, ಒಂದು ತಳಿ, ಒಂದು ಅಡುಗೆ ಪರಂಪರೆ ಸೇರಿದಾಗ ಬರುವ ಬೆಲೆ ಎಂಥದೆಂದು ಮಟ್ಟುವಿನ ರೈತರಿಗೂ ಗೊತ್ತು. ಬೇರೆಡೆ ಬೆಳೆದದ್ದು ಅದೇ ಹೆಸರಿನಲ್ಲಿ ಮಾರಾಟವಾಗುವುದನ್ನು ತಡೆಯಲು ಈ ಗುರುತು ನೆರವಾಗುತ್ತದೆ.

ಅದರ ಮಿತಿಯನ್ನೂ ನೋಡಬೇಕು. ಗುರುತು ಹೆಸರನ್ನು ಕಾಯುತ್ತದೆ. ಹೊಲದಲ್ಲಿ ತಳಿಯನ್ನು ಕಾಯಬೇಕಾದವರು ರೈತರೇ. ನಿಯಮದಲ್ಲಿ ಬರೆದ ಅಳತೆಗೆ ಹೊಂದುವ ಮೊಗ್ಗಿಗೆ ಒಳ್ಳೆಯ ಬೆಲೆ, ಹೊಂದದ್ದಕ್ಕೆ ಇಲ್ಲ ಎಂದಾದಾಗ, ಅದೇ ಊರಿನಲ್ಲಿ ಪಟ್ಟಿಗೆ ಸೇರದ ಉಪತಳಿಗಳು ಹೊಲ ಬಿಡುವ ಅಪಾಯವಿದೆ. ಕಂದಿನಿಂದ ಮಾತ್ರ ಉಳಿಯುವ ತಳಿಯನ್ನು ಬೀಜದಂತೆ ಡಬ್ಬಿಯಲ್ಲಿಟ್ಟು ಕಾಪಾಡಲಾಗದು. ನೆಡುವುದನ್ನು ಕೆಲ ವರ್ಷ ಬಿಟ್ಟರೆ ಅದು ಹೋದಂತೆಯೇ. ಆದ್ದರಿಂದ ಸಂಶೋಧನಾ ತಾಕುಗಳ ಜೊತೆಗೆ ರೈತರ ಹೊಲಗಳಲ್ಲೂ ಹಳೆಯ ತಳಿಯ ಒಂದೆರಡು ಸಾಲು ಇರಲೇಬೇಕು, ಅದಕ್ಕೆ ಸಾರ್ವಜನಿಕ ನೆರವೂ ಸಿಗಬೇಕು.

ಒಟ್ಟು ಲೆಕ್ಕ

ಕರ್ನಾಟಕದಲ್ಲಿ ಇದನ್ನು ಬೆಳೆಯಬಹುದೇ ಎಂದು ಕೇಳುವವರಿಗೆ ಉತ್ತರ ಗಿಡದ ಸ್ವಭಾವದಲ್ಲೇ ಇದೆ. ಮೊಗ್ಗಿಗೆ ಮೊದಲು ಚಳಿ ಬೇಕು, ಮೊಗ್ಗು ಬಲಿಯುವಾಗ ತಂಪು ಹವೆ ಬೇಕು. ಬಿಸಿಲು ಏರಿದರೆ ಎಸಳು ಬೇಗ ಬಿಚ್ಚಿಕೊಂಡು ಮೊಗ್ಗು ನಾರಾಗುತ್ತದೆ. ಬಯಲುಸೀಮೆಯ ರೈತ ಹೊಸ ಬೆಳೆಯ ಆಸೆಗೆ ಇದಕ್ಕೆ ಎಕರೆ ಒಪ್ಪಿಸುವುದು ಸಲ್ಲದು. ಚಳಿ ಕಡಿಮೆ ಬೇಡುವ ಬೀಜದ ತಳಿಯನ್ನು ಎತ್ತರದ ತಂಪು ಜಾಗದಲ್ಲಿ ಒಂದು ಸಾಲು ನೆಟ್ಟು, ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಂಡು ನೋಡುವುದಾದರೆ ಅಡ್ಡಿಯಿಲ್ಲ.

ಈ ಬೆಳೆಯ ಕಥೆಯಿಂದ ನಾವು ತೆಗೆದುಕೊಳ್ಳಬೇಕಾದದ್ದು ಗಿಡಕ್ಕಿಂತ ಅದನ್ನು ಬೆಳೆಯುವ ಕ್ರಮವನ್ನು. ಕೊಯ್ಲಿನ ಕಾಲ ಬೇರೆಬೇರೆಯಾದ ಕನಿಷ್ಠ ಎರಡು ತಳಿ ಇರಲಿ. ನೆಡುವ ವಸ್ತು ಆದಷ್ಟೂ ಮನೆಯದ್ದಿರಲಿ, ರೋಗಮುಕ್ತವಾದದ್ದನ್ನು ಹೊರಗಿನಿಂದ ಆಗಾಗ ತಂದು ಸೇರಿಸಲಿ. ಒಂದೇ ಗಿಡದಿಂದ ಬೇರೆಬೇರೆ ಹದದಲ್ಲಿ ಕೊಯ್ದು ಬೇರೆಬೇರೆ ಬೆಲೆಗೆ ಮಾರಲಿ. ಮುಖ್ಯ ಬೆಳೆ ಮಲಗಿರುವ ತಿಂಗಳುಗಳಿಗೆ ಇತರ ತರಕಾರಿ ಸಿದ್ಧವಿರಲಿ. ಮಾರುವ ದಾರಿಯ ಒಂದು ತುದಿಯಾದರೂ ರೈತರ ಸಂಘದ ಕೈಲಿರಲಿ. ಸಂತ್ ಎರಾಸ್ಮೊ, ಅಲ್ಬೆಂಗಾ, ಬ್ರಿಟನಿಯ ರೈತರು ಇವುಗಳಲ್ಲಿ ಒಂದೊಂದನ್ನು ಮಾಡಿ ತೋರಿಸಿದ್ದಾರೆ. ಬದನೆ, ಅವರೆ, ಸೌತೆ, ಹೀರೆಗಳಲ್ಲಿ ಊರಿಗೊಂದು ತಳಿ ಇನ್ನೂ ಉಳಿದಿರುವ ನಮ್ಮಲ್ಲಿ ಈ ಐದನ್ನೂ ಒಟ್ಟಿಗೆ ಮಾಡುವುದು ಸಾಧ್ಯ. ತಳಿಗಳು ಹೊಲದಲ್ಲಿರುವಾಗಲೇ ಅದನ್ನು ಶುರುಮಾಡಬೇಕು.